ದಿನ ಬಿಟ್ಟು ದಿನ

ಏನೇನೋ ಆಗಬಹುದಿತ್ತು. ಜ್ವರ ನೆತ್ತಿಗೇರಿ ನಾನು ಹೆಂಡತಿ ಮಕ್ಕಳ ಗುರುತೇ ಮರೆಯಬಹುದಿತ್ತು. ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಓಡುವ ಮಂಡ್ಯದ ಬಸ್ಸು ನಾಲೆಗೆ ಉರುಳಬಹುದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದವನ ರೋಗ ಅಂಟಬಹುದಿತ್ತು. ಕಾಂಪೌಂಡರು ಬೇರೆ ಜಾಡಿಯ ಔಷಧ ಬಗ್ಗಿಸಬಹುದಿತ್ತು. ಕ್ವಿನೈನ್ ಕುಡಿದು ಕಿವಿ ಕೆಪ್ಪಾಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಕ್ಷಯವಾಗಿರಬಹುದಿತ್ತು. ಇಷ್ಟನ್ನೂ ನಾನು ಕಂಬಳಿಯೊಳಗೇ ಅನುಭವಿಸಿ ಮುಗಿಸಿದ್ದೆ. ನಿಜವಾಗಿ ಆದದ್ದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಶುರುವಾದದ್ದು ಕಬ್ಬಿನ ಗದ್ದೆಯಲ್ಲಿ. ಸುಡುವ ಬಿಸಿಲು. ನನಗೆ ಚಳಿ. ಮನೆಗೆ ಬಂದು ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದರೂ ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ. ಆಮೇಲೆ ಮೈ ಕೆಂಡ. ಸಂಜೆಗೆ ಬೆವರಿ ಎದ್ದು ಕೂತೆ. ಮಾರನೆಯ ದಿನ ಏನೂ ಇಲ್ಲ. ಅದರ ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಚಳಿ.

ನಾಲೆ ನೀರು ಬಂದ ಮೇಲೆ ನಮ್ಮ ಕೆರಗೋಡಿನ ಸುತ್ತ ಚಳಿಜ್ವರ ನೋಡದ ಮನೆಯಿಲ್ಲ. ಬೇರೆಯವರಿಗೆ ಬಂದಿದ್ದರೆ ನಾನೇ ಬೈದು ಆಸ್ಪತ್ರೆಗೆ ಅಟ್ಟುತ್ತಿದ್ದೆ. ಆದರೆ ನನಗೆ ಬಂದದ್ದು ಅಷ್ಟು ಸಲೀಸಿನದಲ್ಲ ಎಂಬುದು ನನ್ನ ಗುಮಾನಿ. ಜೊತೆಗೆ ಕೆಮ್ಮು ಬೇರೆ.

ನನ್ನ ಹೆಂಡತಿ ನಿಂಗಮ್ಮನ ಅಣ್ಣ ಹೀಗೇ ಕೆಮ್ಮುತ್ತ ಆಸ್ಪತ್ರೆಗೆ ಹೋದವನು. ಕ್ಷಯ ಅಂದರು. ತಿರುಗಿ ಬಂದ ಮೇಲೆ ಅವನು ಮನೆಯೊಳಗೆ ಮಲಗಲಿಲ್ಲ. ಹೊಲದಲ್ಲಿ ಗುಡಿಸಲು, ಬೇರೆ ತಟ್ಟೆ, ಬೇರೆ ಲೋಟ. ಮುದ್ದೆ ಒಯ್ದು ದೂರದಲ್ಲಿಟ್ಟು, ಕೂಗಿ ಹೇಳಿ ಬರುತ್ತಿದ್ದವರಲ್ಲಿ ನಾನೂ ಒಬ್ಬ.

ಆಗ ನಮ್ಮ ಮಗಳು ಜಯಮ್ಮ ಎರಡನೆಯ ಬಾಣಂತನಕ್ಕೆ ಬೆಳಕವಾಡಿಯಿಂದ ಬಂದಿದ್ದಳು. ಹಸುಗೂಸು ಅವಳ ಮಗ್ಗುಲಲ್ಲಿ, ಮೂರು ವರ್ಷದ ಪುಟ್ಟಿ ನನ್ನ ಮಗ್ಗುಲಲ್ಲಿ. ನನ್ನ ಕಿವಿ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಹತ್ತದು. ಡಾಕ್ಟರ ಬಾಯಿಂದ ಆ ಒಂದು ಮಾತು ಬಂದರೆ ಆ ಪುಟ್ಟ ಕೈ ಹೋಯಿತು. ಕೇಳದೆ ಇದ್ದರೆ, ಅದೇ ಕೈಗೆ ನಾನೇ ರೋಗ ಅಂಟಿಸುತ್ತಿರಬಹುದು. ಎರಡೂ ಬೇಡವಾಗಿ ನಾನು ನಾಳೆಯನ್ನು ಹಿಡಿದುಕೊಂಡೆ.

ಜ್ವರವೂ ನನ್ನ ಪಕ್ಷವೇ. ಬಂದ ದಿನ ಹೋಗುವುದಕ್ಕೆ ತ್ರಾಣವಿಲ್ಲ. ಬಾರದ ದಿನ ಹೋಗುವುದಕ್ಕೆ ಕಾರಣವಿಲ್ಲ.

ಮೂರನೆಯ ನೆಪ ಸೀಸೆ. ಆಸ್ಪತ್ರೆಗೆ ಔಷಧದ ಸೀಸೆ ನಾವೇ ಒಯ್ಯಬೇಕು. ಮನೆಯಲ್ಲಿ ಖಾಲಿ ಇದ್ದದ್ದು ಒಂದೇ.

"ಸೀಸೆ ತೊಳ್ದು ಮಡಗಿವ್ನಿ, ಓಗ್ಬುಟ್ಟು ಬನ್ನಿ" ಅನ್ನುವಳು ನಿಂಗಮ್ಮ.

ನಾನು ಮೂಸುವೆ. "ಸೀಮೆಣ್ಣೆ ವಾಸ್ನೆ ಕಣೆ."

"ಔದಾ? ಇನ್ನೊಂದ್ಸಲ ತೊಳೀತೀನಿ ಬುಡಿ."

ಉಪ್ಪು ಕಮ್ಮಿ ಅಂದರೆ ಊರು ಕೇಳುವಂತೆ ವಾದಿಸುವ ಹೆಂಗಸು ಇಷ್ಟು ಸುಲಭಕ್ಕೆ ಒಪ್ಪುವುದೆಂದರೇನು? ಅದೂ ಯುದ್ಧದ ಕಾಲ, ದೀಪಕ್ಕೇ ಸೀಮೆಣ್ಣೆಯಿಲ್ಲ. ತೊಳೆದ ಸೀಸೆಗೆ ಪ್ರತಿ ಸಲ ಎಲ್ಲಿಂದ ಬರುತ್ತಿತ್ತು? ಗುಮಾನಿ ಬಂತು. ಕೇಳಲಿಲ್ಲ. ವಾಸನೆ ನನಗೂ ಬೇಕಾಗಿತ್ತು.

ಆಮೇಲೆ ಎಲ್ಲರ ಮೇಲೂ ಗುಮಾನಿ. ದಾಯಾದಿ ಚಿಕ್ಕೇಗೌಡ "ಎಂಗಿದ್ದೀಯಲಾ?" ಎಂದು ಬಂದು ಜಗಲಿಯ ಆ ತುದಿಗೆ ಕೂತ. ಗಾಳಿ ಬೀಸುವ ದಿಕ್ಕು ನೋಡಿಯೇ ಕೂತನೆಂದು ನನ್ನ ಲೆಕ್ಕ. ತಾಯಿ ಮಗಳು ಪಿಸುಗುಟ್ಟುವರು, ನಾನು ಹೋದರೆ ಸುಮ್ಮನಾಗುವರು. ನನ್ನ ಲೋಟ ಬೇರೆ ಗೂಡು ಸೇರಿತು. ಒಂದು ಸಂಜೆ ನಿಂಗಮ್ಮ ಪುಟ್ಟಿಯನ್ನು ಎತ್ತಿಕೊಂಡಳು.

"ನಿಮ್ ನಡುಕಕ್ಕೆ ಮಗೀಗೆ ಎಚ್ಚರಾಯ್ತದೆ. ಜರ ಇರೋ ದಿನ ನನ್ತಾವ ಮನೀಕೊಳ್ಳಲಿ."

ಜ್ವರವಿಲ್ಲದ ದಿನವೂ ಪುಟ್ಟಿ ತಿರುಗಿ ಬರಲಿಲ್ಲ.

ನಿಂಗಮ್ಮನಿಗೆ ಗೊತ್ತಾಗಿದೆ ಅಂದುಕೊಂಡೆ. ನನ್ನ ಗುಡಿಸಲಿಗೆ ತೆಂಗಿನ ಗರಿ ಕೂಡ ಹೇಳಿಟ್ಟಿರಬಹುದು ಅಂದುಕೊಂಡೆ. ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ.

ಕೊನೆಗೆ ಜಯಮ್ಮ ಕೂಸಿನ ಹರಳೆಣ್ಣೆ ಸೀಸೆಯನ್ನು ಖಾಲಿ ಮಾಡಿ, ಬೂದಿ ಹಾಕಿ ಉಜ್ಜಿ, ನನ್ನ ಕೈಗಿಟ್ಟಳು.

"ಮೂಸು. ಸೀಮೆಣ್ಣೆ ಐತಾ?"

"ಇಲ್ಲ."

"ಅಂಗಾರೆ ನಡಿ. ಕ್ಷಯ ಇದ್ರೆ ಇದೆ ಅಂತ ತಿಳೀಲಿ, ಮಕ್ಕಳ್ನ ಕರ್ಕೊಂಡು ಊರಿಗೆ ಓಯ್ತೀನಿ. ಇಲ್ದಿದ್ರೆ ಇಲ್ಲ ಅಂತ ತಿಳೀಲಿ. ಇದೇನಪ್ಪಾ ನಿಮ್ಮಿಬ್ರುದೂ ನಾಟ್ಕ?"

ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ.

ನಿಂಗಮ್ಮನೂ ಬಸ್ಸು ಹತ್ತಿದಳು. ಬಸ್ಸು ನಾಲೆಗೆ ಬೀಳಲಿಲ್ಲ.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಎಡ ಪಕ್ಕೆಯ ಕೆಳಗೆ ಬೆರಳೊತ್ತಿದರು. ನಾನು ಕಿರುಚಿದೆ.

"ಸ್ಪ್ಲೀನ್ ಊದಿದೆ. ಮಲೇರಿಯಾ. ನಾಲೆ ಬಯಲಿನವರು ತಾನೆ?"

ಇಷ್ಟು ಬೇಗ ಹೇಳಿದರೆ ನಂಬುವುದು ಹೇಗೆ? "ಕೆಮ್ಮು ಸ್ವಾಮಿ?"

"ಬೀಡಿ ಬಿಡಿ. ಚೆಸ್ಟ್ ಕ್ಲಿಯರ್ ಆಗಿದೆ."

"ಎಕ್ಸ್‌ರೇ ಏನಾದರೂ..."

"ಕ್ಷಯವೇ ಬೇಕು ಅಂತಿದ್ದರೆ ಮೈಸೂರಿನ ಕ್ಷಯದ ಆಸ್ಪತ್ರೆಗೆ ಹೋಗಿ ಗೌಡರೆ. ನನ್ನ ಹತ್ತಿರ ಮಲೇರಿಯಾ ಮಾತ್ರ ಇದೆ. ಕ್ವಿನೈನ್ ಸಿಗೋದೇ ಕಷ್ಟ ಈಗ, ಒಂದು ತೊಟ್ಟೂ ಚೆಲ್ಲಬೇಡಿ."

ಹೊರಗೆ ಹೊಂಗೆ ಮರದ ಕೆಳಗೆ ನಿಂಗಮ್ಮ ದೊಪ್ಪನೆ ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಸೀಸೆಗೆ ನಾನೇ ಎರಡು ತೊಟ್ಟು ಸೀಮೆಣ್ಣೆ ಬುಡ್ತಿದ್ದೆ" ಅಂದಳು.

"ಯಾಕೆ?"

"ನಮ್ಮಣ್ಣ ಓಗಿ ಬಂದಂಗೆ ನೀವೂ ಬಂದ್ಬುಟ್ರೆ?"

ಹೋಗಿ ಅಂತ ಬಾಯಲ್ಲಿ ಹೇಳುತ್ತ, ಹೋಗದ ಹಾಗೆ ಕೈಯಲ್ಲಿ ಮಾಡುತ್ತಿದ್ದಳು. ನನ್ನನ್ನು ಹೊರಗೆ ಹಾಕಲು ಹೊಂಚುತ್ತಿದ್ದಾಳೆಂದು ನಾನು ಇವಳ ಮೇಲೇ ಕಣ್ಣಿಟ್ಟಿದ್ದೆ. ಒಂದೇ ಸೀಸೆಯ ಹಿಂದೆ ಇಬ್ಬರೂ ಅಡಗಿ ಕೂತಿದ್ದೆವು.

ಕಹಿ ಹೊಟ್ಟೆಗಿಳಿಯಿತು. ಜ್ವರ ಬರುವ ದಿನ ಬಂತು, ಜ್ವರ ಬರಲಿಲ್ಲ. ಈಗ ಕಿವಿಯಲ್ಲಿ ಸ್ವಲ್ಪ ಗುಂಯ್ ಅನ್ನುತ್ತದೆ, ಅಷ್ಟೇ. ಜ್ವರ ಇನ್ನೊಮ್ಮೆ ಬಂದರೂ ಬರಬಹುದು ಅಂದಿದ್ದಾರೆ ಡಾಕ್ಟರು; ನಾನು ಹೇಗೂ ಕಾಯುತ್ತಲೇ ಇರುತ್ತೇನೆ. ಲೋಟ ಹಳೆಯ ಗೂಡಿಗೆ ಬಂದಿದೆ. ಬೇರೆಯವರಿಗೆ ಸಿಗದ ಔಷಧ ನನಗೆ ಸಿಕ್ಕಿತು, ಅಷ್ಟು ಸಾಕು.

ನಿನ್ನೆ ಚಾಪೆ ಹಾಸಿ ಪುಟ್ಟಿಯನ್ನು ಕರೆದೆ. ಓಡಿ ಬಂದಳು. ನನ್ನ ಕಿವಿ ಮುಟ್ಟಿ ನೋಡಿದಳು.

"ತಾತ ಈಗ ಸುಡಲ್ಲ" ಅಂದಳು.

"ಇಲ್ಲ ಕಣವ್ವ. ಮನೀಕೊ ಬಾ."

ಅವಳು ಅಜ್ಜಿಯ ಚಾಪೆಯ ಕಡೆ ತಿರುಗಿ ನೋಡಿದಳು. ಮುಂದಿನ ವಾರ ಬೆಳಕವಾಡಿಯಿಂದ ಗಾಡಿ ಬರುತ್ತದೆ, ಅವಳನ್ನೂ ಕೂಸನ್ನೂ ಜಯಮ್ಮ ಕರೆದೊಯ್ಯುತ್ತಾಳೆ.

"ಅಜ್ಜಿ ಕಿವೀಲಿ ಓಲೆ ಐತೆ" ಎಂದು ಹೇಳಿ, ಪುಟ್ಟಿ ಆ ಕಡೆ ಹೋಗಿ ಮಲಗಿದಳು.