ಮುಚ್ಚಿ ಕೊಡದವಳು

ಗುಳಿಗೆಯನ್ನು ಪುಡಿ ಮಾಡಲು ಒರಳು ಬೇಕಾಗಿಲ್ಲ, ಗೆಳೆಯರೇ. ಎರಡು ಚಮಚ ಸಾಕು. ಒಂದರ ಹೊಟ್ಟೆಯಲ್ಲಿ ಗುಳಿಗೆಯಿಟ್ಟು ಇನ್ನೊಂದರ ಬೆನ್ನಿನಿಂದ ಒತ್ತಿದರೆ ಮೊದಲು ಟಕ್ಕೆಂದು ಒಡೆಯುತ್ತದೆ, ಆಮೇಲೆ ಸದ್ದಿಲ್ಲದೆ ಹಿಟ್ಟಾಗುತ್ತದೆ. ನಮ್ಮದು ಅಯ್ಯನವರ ಮನೆ. ಬಿಳಿಯ ಪುಡಿ ಕಂಡರೆ ವಿಭೂತಿ ನೆನಪಾಗಬೇಕಾದ ಮನೆ. ಆದರೆ ಆ ದಿನ ಚಮಚದಲ್ಲಿದ್ದ ಪುಡಿಯನ್ನು ನೋಡುವಾಗ ನನಗೆ ಯಾವ ದೇವರೂ ನೆನಪಾಗಲಿಲ್ಲ, ಯಾರಾದರೂ ಅಡುಗೆಮನೆಗೆ ಬಂದುಬಿಟ್ಟಾರೆಂಬ ಅಂಜಿಕೆಯೊಂದೇ ಇತ್ತು. ನನ್ನ ಹೆಂಡತಿ ಗಂಗಾ ತೀರಿಕೊಂಡು ಅಂದಿಗೆ ಹನ್ನೊಂದು ದಿನ. ಅವಳ ಹೆಸರಿನ ಶಿವಗಣಾರಾಧನೆಯ ಊಟಕ್ಕೆ ಅಂಗಳದಲ್ಲಿ ಪಂಕ್ತಿ ಕೂತಿತ್ತು. ಆ ಪುಡಿಯನ್ನು ನಾನು ಕಲೆಸಿದ್ದು ನನ್ನ ಅಣ್ಣನ ಪಾಲಿನ ಗೋಧಿಹುಗ್ಗಿಯಲ್ಲಿ.

ಅಣ್ಣ ಮಹಾದೇವಯ್ಯನಿಗೆ ಈಗ ಅರವತ್ತರ ಹತ್ತಿರ. ಇಪ್ಪತ್ತೆರಡರ ಹರೆಯದಲ್ಲಿ, ಅಪ್ಪನ ಜೊತೆ ಮಹಾರಾಷ್ಟ್ರದ ಗಡಿಯ ನಮ್ಮೂರು ವಲಾಂಡಿಯ ಮನೆಮನೆಗೆ ಹೋಗಿ ಮದುವೆ, ತೊಟ್ಟಿಲು, ಹೊಸ ಮನೆಯ ಪೂಜೆ ಮಾಡಿಸುತ್ತಿದ್ದ ದಿನಗಳಲ್ಲಿ, ಅವನಿಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದವು. ದಾರ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ಇಳಿಸಿದ್ದಾಯಿತು, ಕೊನೆಗೆ ಉದಗೀರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅಪ್ಪ ತೀರಿಹೋದ ಮೇಲೆ ಅವ್ವ ಒಬ್ಬಳೇ ಅವನನ್ನು ಸಂಭಾಳಿಸುತ್ತ, ಜಗಳ ಬೇಡವೆಂದು ಗುಳಿಗೆಯನ್ನು ಹೇಳದೆ ಊಟದಲ್ಲಿ ಬೆರೆಸುತ್ತಿದ್ದಳು. ಒಂದು ಹಬ್ಬದ ದಿನ ಹೋಳಿಗೆಯ ಹೂರಣದಲ್ಲಿ ಅರೆಬರೆ ಪುಡಿಯಾದ ಗುಳಿಗೆ ಅವನ ಹಲ್ಲಿಗೆ ಸಿಕ್ಕಿತು. ಅಂದಿನಿಂದ ಅವನು ಮನೆಯ ಊಟ ಬಿಟ್ಟ. ಅಪ್ಪನ ಭಿಕ್ಷೆಯ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಓಣಿಗೆ ಇಳಿದ. ಜಂಗಮನಿಗೆ ಭಿಕ್ಷೆ ಅವಮಾನವಲ್ಲ, ವಂಶದಿಂದ ಬಂದ ಆಚಾರ. ಆದರೆ ಅವನು ಹೊರಟದ್ದು ಆಚಾರಕ್ಕಲ್ಲ. ಹತ್ತು ಮನೆಯ ರೊಟ್ಟಿಯಲ್ಲಿ ಹತ್ತೂ ಜನ ಗುಳಿಗೆ ಬೆರೆಸಲಾರರು ಎಂಬ ಧೈರ್ಯದ ಮೇಲೆ. ಇದನ್ನು ಹುಚ್ಚು ಎನ್ನುವಿರೋ ಬುದ್ಧಿ ಎನ್ನುವಿರೋ, ನಿಮಗೆ ಬಿಟ್ಟದ್ದು. ಕಾಯಿಲೆಗಿಂತ ಹೆಚ್ಚಾಗಿ ಅವನನ್ನು ಮನೆಯಿಂದ ಹೊರಗೆ ಹಾಕಿದ್ದು ನಮ್ಮ ಅಕ್ಕರೆ ಎಂಬುದು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಇಂಥ ಮನೆಗೆ ಉಮರ್ಗಾದಿಂದ ಗಂಗಾ ಸೊಸೆಯಾಗಿ ಬಂದಳು. ಏಳನೆಯ ಇಯತ್ತೆಯವರೆಗೆ ಓದಿದವಳು, ಹೆಚ್ಚು ಮಾತಿನವಳೂ ಅಲ್ಲ. ಬಂದ ಎರಡನೆಯ ವಾರ, ಆಗಲೂ ಗುಳಿಗೆಯನ್ನು ಹಾಲಿನಲ್ಲಿ ಬೆರೆಸಿಡಲು ನೋಡುತ್ತಿದ್ದ ಅವ್ವನಿಗೆ, “ಅತ್ತಿ, ಇನ್ನ ಮುಚ್ಚಿ ಕೊಡೂದು ಬ್ಯಾಡ್ರಿ” ಎಂದಳು. ಮರುದಿನ ಮುಂಜಾನೆ ಅಣ್ಣ ಜೋಳಿಗೆ ಹಿಡಿದು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಎರಡು ಕೈಯನ್ನೂ ಚಾಚಿದಳು. “ಭಾವಾ, ಈ ಕೈಯಾಗ ರೊಟ್ಟಿ, ಈ ಕೈಯಾಗ ಗುಳಿಗಿ. ರೊಟ್ಟಿ ತಗೋರಿ. ಗುಳಿಗಿ ನಿಮ್ಮ ಖುಷಿ.”

ಅವನು ಎರಡನ್ನೂ ಮುಟ್ಟದೆ ಹೋದ. ಮರುದಿನವೂ ಅವಳು ನಿಂತಳು, ಅದರ ಮರುದಿನವೂ ನಿಂತಳು. ಸುಮಾರು ಒಂದು ತಿಂಗಳಾದ ಮೇಲೆ ರೊಟ್ಟಿ ತೆಗೆದುಕೊಂಡ. ಅದಾದ ಎಷ್ಟೋ ದಿನಕ್ಕೆ, “ಇದು ಯಾತರದು?” ಎಂದು ಗುಳಿಗೆಯನ್ನು ತೋರಿಸಿ ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಉದಗೀರಕ್ಕೆ ಹೋಗಿ ಡಾಕ್ಟರನ್ನು ಕೇಳಿ ತಿಳಿದುಕೊಂಡು ಬಂದು ಹೇಳಿದಳು. ಆಗ ನುಂಗಿದ. ಜೋಳಿಗೆ ಗೂಟಕ್ಕೆ ಏರಿತು, ಅಣ್ಣ ಒಲೆಯ ಮುಂದೆ ಊಟಕ್ಕೆ ಕೂತ.

ಅವಳು ಅಣ್ಣನಿಗಾಗಿ ಯಾರೊಂದಿಗೂ ದನಿಯೇರಿಸಿ ಜಗಳವಾಡಿದ್ದನ್ನು ನಾನು ಕಂಡಿಲ್ಲ. ದೇವಣಿಯ ಒಂದು ಮದುವೆಯಲ್ಲಿ ನಮ್ಮ ದೂರದ ಕಾಕಾ ಒಬ್ಬರು, “ಬಾರೋ, ಯೇಡಾ ಸ್ವಾಮಿ!” ಎಂದು ಅಣ್ಣನನ್ನು ಕೂಗಿದರು. ಯೇಡಾ ಎಂದರೆ ಮರಾಠಿಯಲ್ಲಿ ಹುಚ್ಚ. ನಮ್ಮ ಗಡಿಯಲ್ಲಿ ಬೈಗುಳಕ್ಕೆ ಭಾಷೆಯ ಭೇದವಿಲ್ಲ. ಗಂಗಾ ಹೋಳಿಗೆ ಬಡಿಸುತ್ತಿದ್ದವಳು ಅವರ ಎಲೆಯ ಮುಂದೆ ನಿಂತು, “ಅವರ ಹೆಸರ ಮಹಾದೇವಯ್ಯ ಅದರೀ ಕಾಕಾ. ನಿಮಗ ಶುಗರ್ ಅದ, ನಿಮಗ ಯಾರರೆ ಶುಗರ್ ಕಾಕಾ ಅಂತಾರೇನು? ಇನ್ನೊಂದ ಹೋಳಿಗಿ ಹಾಕಲೇನ್ರಿ?” ಎಂದಳು. ಪಂಕ್ತಿಯೆಲ್ಲ ನಕ್ಕಿತು. ಕಾಕಾನ ಹೆಸರು ಅಂದಿನಿಂದ ಶುಗರ್ ಕಾಕಾ ಎಂದೇ ಆಯಿತು. ಅದಕ್ಕೆ ಅವಳು ಆಮೇಲೆ ಬೇಜಾರು ಮಾಡಿಕೊಂಡದ್ದೂ ಉಂಟು.

ನಮ್ಮ ಕಡೆ ಸನ್ಮಾನಗಳು ಬಹಳ. ನಿವೃತ್ತರಾದವರಿಗೆ ಶಾಲು, ಗೆದ್ದವರಿಗೆ ಹಾರ, ಕೆಲವೊಮ್ಮೆ ಸೋತವರಿಗೂ ಹಾರ. ಒಬ್ಬ ಮನುಷ್ಯನ ಹೆಸರನ್ನು ಅವನಿಗೇ ಮರಳಿ ದೊರಕಿಸಿಕೊಟ್ಟವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಕರೆದಿದ್ದರೂ ಅವಳು, “ರೊಟ್ಟಿ ಬಡೀಬೇಕ್ರಿ, ಹೊತ್ತಾತು” ಎಂದು ಹೋಗುತ್ತಿರಲಿಲ್ಲ. ನಾನಾದರೂ ಒಂದು ಒಳ್ಳೆಯ ಮಾತು ಆಡಬಹುದಿತ್ತು. ಮನೆಯಲ್ಲಿ ದಿನಾ ನಡೆಯುವುದನ್ನು ಹೊಗಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಜ್ವರವೆಂದು ಮಲಗಿದವಳು ಆಸ್ಪತ್ರೆಯಿಂದ ಹಿಂದಿರುಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ಯಾರಿಗೂ ಗುಳಿಗೆಯ ನೆನಪಾಗಲಿಲ್ಲ. ನಾಲ್ಕನೆಯ ದಿನ ನಾನೇ ಅಣ್ಣನ ಮುಂದೆ ಹಿಡಿದೆ. “ಗಂಗಾ ಕೊಡ್ತಿದ್ದಳು” ಎಂದು ಅವನು ಗೋಡೆಯ ಕಡೆ ಹೊರಳಿದ. ನಾನು ಗದರಿದೆ, ಅವನು ಬಾಯಿ ಬಿಗಿದ. ರಾತ್ರಿ ನಿದ್ದೆ ಹೋಯಿತು, ಒಬ್ಬನೇ ಗುಣುಗುಣು ಮಾತಾಡತೊಡಗಿದ. ಆರಾಧನೆಗೆ ಬಂದಿದ್ದ ನಿಲಂಗಾದ ಸೋದರತ್ತೆ, “ಎಂಥಾ ಖಬರಗೇಡಿ ಇದ್ದೀಯೋ ನೀ! ಹುಗ್ಗ್ಯಾಗ ಕಲಿಸಿ ಕೊಟ್ಟ ಬಿಡು. ಸಿಹಿಯಾಗ ಏನ್ ಗೊತ್ತಾಗ್ತದ?” ಎಂದಳು. ಅವಳದೂ ಅಕ್ಕರೆಯೇ. ನಾನು ಚಮಚ ಹುಡುಕಿದೆ.

ಅಣ್ಣ ಎರಡು ತುತ್ತು ಉಂಡ. ಮೂರನೆಯದು ಬಾಯಿಗೆ ಹೋಗುವ ಮೊದಲೇ ಕೈ ನಿಂತಿತು. ನಾಲಗೆಯನ್ನು ಮೆಲ್ಲಗೆ ಅಂಗುಳಿಗೆ ಒತ್ತಿ ನೋಡಿ, ತಲೆಯೆತ್ತಿ, ಇಡೀ ಪಂಕ್ತಿಯಲ್ಲಿ ನನ್ನೊಬ್ಬನನ್ನೇ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಕೈತೊಳೆದು ಗೂಟದಲ್ಲಿದ್ದ ಜೋಳಿಗೆಯನ್ನು ತೆಗೆದುಕೊಂಡು ಹೊರಗೆ ನಡೆದ. ಗಂಗಾ ಇಪ್ಪತ್ತಾರು ವರ್ಷ ಕಟ್ಟಿದ್ದನ್ನು ನಾನು ಅವಳ ಆರಾಧನೆಯ ದಿನವೇ ಎರಡು ಚಮಚದಲ್ಲಿ ಪುಡಿ ಮಾಡಿದ್ದೆ.

ಮರುದಿನ ದೂರದಿಂದ ಅವನ ಹಿಂದೆ ಹೋದೆ. ಕಲ್ಲು ಬಿದ್ದೀತು, ಯಾರಾದರೂ ನಕ್ಕಾರು ಎಂದು ಹೆದರಿದ್ದೆ. ಮೊದಲ ಮನೆಯ ಹೆಣ್ಣುಮಗಳು ರೊಟ್ಟಿಯನ್ನು ಅವನೆದುರೇ ಎರಡು ತುಂಡು ಮಾಡಿ ತೋರಿಸಿ, “ಮಹಾದೇವಯ್ಯಾ, ಬರೇ ರೊಟ್ಟಿ ಅದ ನೋಡ್ರಿ, ಬ್ಯಾರೆ ಏನಿಲ್ಲ” ಎಂದಳು. ಮೂರನೆಯ ಮನೆಯಲ್ಲೂ ಅದೇ ಮಾತು, ಅದೇ ರೀತಿ. ನಾನು ಬೇವಿನ ಗಿಡಕ್ಕೆ ಒರಗಿ ನಿಂತುಬಿಟ್ಟೆ. ಬಾವಿಯ ಹತ್ತಿರ, ಹೊಲದ ಬದುವಿನ ಮೇಲೆ, ಗಂಗಾ ಇವರಿಗೆಲ್ಲ ಏನೇನು ಹೇಳಿಟ್ಟು ಹೋಗಿದ್ದಳೋ! ಓಣಿಯ ಹೆಂಗಸರೆಲ್ಲ ಕಲಿತದ್ದನ್ನು ಒಂದೇ ಸೂರಿನ ಕೆಳಗಿದ್ದ ನಾನೊಬ್ಬ ಕಲಿತಿರಲಿಲ್ಲ.

ಮಠದ ಕಟ್ಟೆಯ ಮೇಲೆ ಅವನು ರೊಟ್ಟಿ ತಿನ್ನುತ್ತಿದ್ದಾಗ ಹೋಗಿ ಎದುರು ಕೂತೆ.

“ಅಣ್ಣಾ, ಹುಗ್ಗ್ಯಾಗ ಗುಳಿಗಿ ಹಾಕಿದ್ದು ನಾನೇ. ತಪ್ಪಾತು.”

“ಗೊತ್ತದ.”

“ಮನಿಗಿ ಬಾ.”

ಅವನು ಬಾಯಲ್ಲಿದ್ದ ತುತ್ತನ್ನು ನುಂಗಿದ. ಆಮೇಲೆ, “ಯಾವ ಗುಳಿಗಿ ಹಾಕಿದ್ದಿ?” ಎಂದ.

“ಬಿಳೀದು.”

“ಬಿಳೀವು ಎರಡ ಅವ. ನಿದ್ದೀದೋ, ದನಿ ಕೇಳ್ತಾವಲ್ಲ, ಅದರದೋ?”

ನನಗೆ ಗೊತ್ತಿರಲಿಲ್ಲ. ಅವನು ತಲೆ ಅಲ್ಲಾಡಿಸಿ, “ಉದಗೀರಕ್ಕ ಹೋಗೂಣು” ಎಂದ.

ಎರಡು ದಿನ ಬಿಟ್ಟು ಎಸ್‌ಟಿ ಬಸ್ಸಿನಲ್ಲಿ ಹೋದೆವು. ಡಾಕ್ಟರು ಮರಾಠಿಯವರು, ನಮ್ಮ ಕನ್ನಡ ಅವರಿಗೆ ತಿಳಿಯುತ್ತದೆ. ಅವರು ನನ್ನ ಕಡೆ ನೋಡಿ, “ಬಾಯಿ ಬಂದಿಲ್ಲೇನ್ರಿ ಈ ಸಲ?” ಎಂದು ಗಂಗಾಳ ಬಗ್ಗೆ ಕೇಳಿದರು. ನಾನು ಹೇಳುವಷ್ಟರಲ್ಲಿ ಅಣ್ಣ, “ನನ್ನ ತಂಗಿ ಹೋಗಿಬಿಟ್ಟಳ್ರಿ” ಎಂದ.

ಡಾಕ್ಟರು ಕನ್ನಡಕ ತೆಗೆದು ಕೆಳಗಿಟ್ಟರು. ಕುರ್ಚಿಯನ್ನು ಅವನ ಹತ್ತಿರ ಸರಿಸಿಕೊಂಡು ಅವನ ಕೈ ಹಿಡಿದು, “ಭಾಳ ಕೆಟ್ಟಾತು, ಮಹಾದೇವಯ್ಯ” ಎಂದರು. ಅಣ್ಣನ ಹೆಗಲು ಕುಲುಕತೊಡಗಿತು. ಅಷ್ಟು ದಿನ ಮನೆಗೆ ಬಂದವರೆಲ್ಲ ನನ್ನ ಎದುರು ಕೂತು ಅತ್ತರು, ನನ್ನ ಬೆನ್ನು ಸವರಿದರು. ಮೂಲೆಯಲ್ಲಿ ಕೂತವನಿಗೂ ಒಬ್ಬಳು ಸತ್ತಿದ್ದಾಳೆ ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ, ನನಗೂ ಸಹ. ನಾನು ಅವನಿಂದ ಗುಳಿಗೆಯನ್ನು ಮಾತ್ರವಲ್ಲ, ದುಃಖವನ್ನೂ ಮುಚ್ಚಿಟ್ಟಿದ್ದೆ.

ಅವನ ಅಳು ನಿಂತ ಮೇಲೆ ಡಾಕ್ಟರು, ಔಷಧ ತಪ್ಪಿದ್ದು ಯಾಕೆ ಎಂದು ಅವನನ್ನೇ ಕೇಳಿದರು. ಅಣ್ಣ ಧೋತರದ ಅಂಚಿನಿಂದ ಮುಖ ಒರೆಸಿಕೊಂಡು, ನನ್ನ ತೊಡೆಯ ಮೇಲೆ ಕೈಯಿಟ್ಟು ಹೇಳಿದ:

“ನಮ್ಮ ತಮ್ಮಗ ಕೊಡ್ಲಾಕ ಬರಂಗಿಲ್ರಿ. ಕಲೀತಾನ, ಬಿಡ್ರಿ.”