ಎರಡು ಗೆರೆಗಳಲ್ಲಿ ಒಂದನ್ನು ಅಳಿಸಿದ್ದು

ಅಡ್ಡಕ್ಕೆ ಹೋಗುವ ಬಾವಿಯೂ ಇದೆ ಎಂದು ಮೊಮ್ಮಗಳು ಹೇಳಿದಾಗ ನಾನು ನಂಬಲಿಲ್ಲ. ಅವಳು ಆಗಷ್ಟೇ ಬೆಳಗಾವಿಯ ಒಂದು ಕಚೇರಿಗೆ ಸೇರಿ, ಅಲ್ಲೇ ಖೋಲಿ ಹಿಡಿದಿದ್ದಳು. ಪರದೇಶದ ಎಣ್ಣೆಬಾವಿಗಳ ನಕಾಶೆ ನೋಡಿ, ಯಾವ ಬಾವಿ ಎಲ್ಲಿ ಇಳಿದಿದೆ, ನೆಲದಡಿ ಯಾರ್ಯಾರ ಜಮೀನು ದಾಟಿ ಎಲ್ಲಿ ಮುಗಿದಿದೆ ಎಂದು ಬರೆದುಕೊಡುವುದು ಅವಳ ಕೆಲಸ. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ, ಇಲ್ಲವೇ ಬಿಡುತ್ತೇವೆ ಎಂದಿದ್ದರು. ಆಗಲೇ ಎರಡು ತಪ್ಪು ಮಾಡಿಕೊಂಡಿದ್ದಳು.

ಮೂರನೇ ತಿಂಗಳ ಕೊನೆಯ ಶನಿವಾರ ಖಾನಾಪುರದ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡೇ ಬಂದಳು. ಸೋಮವಾರ ಒಂದು ನಕಾಶೆ ಒಪ್ಪಿಸಬೇಕಿತ್ತು. ನಾನು ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದೆ. ಓದಿದ್ದು ಮೂರನೇ ಇಯತ್ತೆ, ಆದರೂ ಗೆರೆ ನೋಡಲು ಇಂಗ್ಲಿಷ್ ಬೇಕಿಲ್ಲವಲ್ಲ.

ಒಂದು ಚುಕ್ಕೆಯಿಂದ ಹಲವು ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಚಾಚಿದ್ದವು. ಚುಕ್ಕೆ ಎಂದರೆ ಬಾವಿಯ ಬಾಯಿ, ಗೆರೆ ಎಂದರೆ ಅಡ್ಡ ಹೋದ ದಾರಿ. ಕೊರೆಯುವ ಮೊದಲು ಪರವಾನಗಿಗೆ ಒಂದು ಗೆರೆ ಕೊಡುತ್ತಾರೆ, ಕೊರೆದ ಮೇಲೆ ನಿಜವಾಗಿ ಹೋದ ದಾರಿಯದು ಇನ್ನೊಂದು ಬರುತ್ತದೆ, ಕೆಲವು ಸಲ ಎರಡೂ ನಕಾಶೆಯಲ್ಲಿ ಉಳಿದುಬಿಡುತ್ತವೆ ಎಂದು ಅವಳೇ ಹೇಳಿದ್ದಳು. ಈಗ ಎರಡು ಗೆರೆ ಒಂದರ ಮೇಲೊಂದು ಬಿದ್ದಿದ್ದವು, ಒಂದು ನೆಟ್ಟಗೆ, ಒಂದು ತುಸು ಸೊಟ್ಟ. ಬಾವಿ ಒಂದೋ ಎರಡೋ ತಿಳಿಯದೆ ಊಟ ಬಿಟ್ಟು ಕುಳಿತಿದ್ದಳು.

ಕೌದಿಗೂ ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಸೂಜಿ ಅದರ ಮೇಲೆಯೇ ಹೋದದ್ದನ್ನು ನಾನಂತೂ ಕಂಡಿಲ್ಲ.

"ನೆಟ್ಟಗಿರೂದು ಸುಣ್ಣದ ಗೆರಿ, ಸೊಟ್ಟಗಿರೂದು ಹೊಲಿಗಿ. ಬಾವಿ ಒಂದ ಐತಿ. ಅಳಿಸಿ ಊಟಕ್ಕ ಬಾ," ಎಂದೆ.

"ಖರೇನ, ಆಯಿ?"

"ನಾ ಹೊಲಿಯಾಕ ಹತ್ತಿದಾಗ ನಿಮ್ಮವ್ವನ ಹುಟ್ಟಿರಲಿಲ್ಲ."

ಅಳಿಸಿದಳು, ಉಂಡಳು.

ಮಂಗಳವಾರ ನಕಾಶೆ ವಾಪಸ್ ಬಂತು. ಅವು ಎರಡು ಬೇರೆ ಬಾವಿಗಳಂತೆ. ಒಂದು ಮೇಲಿನ ಬಂಡೆಪದರದಲ್ಲಿ, ಇನ್ನೊಂದು ಅದರ ಕೆಳಗಿನದರಲ್ಲಿ. ಆಳ ಬರೆದ ಪಟ್ಟಿ ಬೇರೆಯಿತ್ತು, ಅದನ್ನು ಅವಳು ತೆರೆದಿರಲೇ ಇಲ್ಲ. ನಾಲ್ಕು ಹಳೆಯ ಸೀರೆ ಒಂದರ ಮೇಲೊಂದು ಹಾಸಿ ಹೊಲಿಯುವ ನನಗಾದರೂ ಪದರದ ಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗೊತ್ತಿದ್ದ ಕೆಲಸದ ಸೊಕ್ಕು ಅದು, ಬೇರೇನಲ್ಲ.

ಕಚೇರಿಯ ಮೇಲಧಿಕಾರಿ ಹೆಂಗಸು ಮರುದಿನ ಬಂದು ಕಾಣಲು ಹೇಳಿದ್ದರು. ಮುದುಕಿ ಹೇಳಿದಳು ಅಂತ ಹೇಳಿಬಿಡು ಎಂದು ನಾನು ಫೋನಿನಲ್ಲಿ ಹೇಳಿದೆ.

"ನೀ ಹೇಳಿದ್ದು ಕೌದಿ ಮಾತು, ಆಯಿ," ಎಂದಳು. "ಅಳಿಸಿದಾಕಿ ನಾನು."

ಕೆಲಸ ಬಿಡಿಸುತ್ತಾರೆ, ತಯಾರಿರು ಎಂದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಬಿಡಿಸಲಿಲ್ಲ. ಕಾಯಂ ಕೂಡ ಮಾಡಲಿಲ್ಲ. ಆಳ ನೋಡದೆಯೇ ಒಪ್ಪಿಸಿದೆ ಎಂದು ಅವಳು ನೇರ ಹೇಳಿದ್ದಕ್ಕೆ, ಹಳೆಯ ನಕಾಶೆಗಳನ್ನೆಲ್ಲ ಮತ್ತೆ ತೆರೆದು, ಜೋಡಿಗೆರೆ ಇದ್ದಲ್ಲೆಲ್ಲ ಆಳ ಹೊಂದಿಸಿ ನೋಡು, ಇನ್ನೊಂದು ತಿಂಗಳು ನೋಡೋಣ ಎಂದರಂತೆ. ಮುಂದಿನ ಶನಿವಾರ ಬರಲಾಗುವುದಿಲ್ಲ ಎಂದು ಫೋನ್ ಮಾಡಿದಳು. ಈ ಸಲ ನಾನು ಊಟಕ್ಕ ಬಾ ಎನ್ನಲಿಲ್ಲ.