ಮೊದಲು ಊಟವೋ, ಮೊದಲು ಹೊಳೆಯೋ

ಈ ದಿನ ಬೆಳಿಗ್ಗೆ ಕಪಾಟಿನ ಮೇಲಿಂದ ಒಂದು ತಗಡಿನ ಡಬ್ಬಿ ಇಳಿಸಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮುಚ್ಚಳ ತೆಗೆದೊಡನೆ ಲವಂಗದ ವಾಸನೆ ಮೂಗಿಗೆ ಬಂತು. ಅದೇನು ಮಸಾಲೆಯ ಡಬ್ಬಿಯಲ್ಲ, ಗ್ರಾಮಫೋನಿನ ಸೂಜಿಗಳ ಡಬ್ಬಿ. ಮುಂಬಯಿಯ ಉಪ್ಪುಗಾಳಿಗೆ ಸೂಜಿ ತುಕ್ಕು ಹಿಡಿಯುತ್ತದೆ, ಜೊತೆಗೆ ನಾಲ್ಕು ಲವಂಗ ಹಾಕಿಟ್ಟರೆ ಹಿಡಿಯುವುದಿಲ್ಲ ಎಂಬುದು ನಮ್ಮಣ್ಣನ ಸಿದ್ಧಾಂತವಾಗಿತ್ತು. ನೋಡಿದರೆ ಸೂಜಿಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ಲವಂಗ ಮಾತ್ರ ಇನ್ನೂ ಘಮಘಮ ಎನ್ನುತ್ತಿತ್ತು.

ಅಣ್ಣ ತೀರಿಕೊಂಡದ್ದು ಈ ಸಲದ ಮಳೆ ಶುರುವಾದಾಗ. ಈಗ ಗಣಪತಿ ಹಬ್ಬವೂ ಮುಗಿದಿದೆ. ಇಷ್ಟು ದಿನ ಆ ಡಬ್ಬಿಯನ್ನು ಮುಟ್ಟಿರಲಿಲ್ಲ. ಇವತ್ತು ಮುಟ್ಟಿದ್ದೂ ನಾನಾಗಿ ಅಲ್ಲ. ಹೋಟೆಲಿನ ಶ್ರೀಪತಿ ರಾಯರು ನಿನ್ನೆ ಹೇಳಿ ಕಳಿಸಿದ್ದರು: "ನಾಳೆ ಭಾನುವಾರ. ಪ್ಲೇಟು ತಕ್ಕೊಂಡು ಬನ್ನಿ."

ಆ ಹಾಡಿನ ಪ್ಲೇಟಿನ ಕತೆ ಹೇಳದೆ ಮುಂದೆ ಹೋದರೆ ನಿಮಗೆ ಏನೂ ತಿಳಿಯಲಿಕ್ಕಿಲ್ಲ. ಹೇಳಿದರೆ ಇವರೆಲ್ಲ ಬುದ್ಧಿ ನೆಟ್ಟಗಿದ್ದವರೇ ಎಂದು ಕೇಳುತ್ತೀರಿ. ಆದರೂ ಹೇಳುತ್ತೇನೆ.

ನಮ್ಮದು ವಿಜಾಪುರದ ಕಡೆ. ಅಣ್ಣನ ಹೆಸರು ಬಸವರಾಜ. ಗಿರಣಿಯೊಂದರ ಕಚೇರಿಯಲ್ಲಿ ಅವನೂ ಕಾರಕೂನ, ನಾನೂ ಕಾರಕೂನ. ದಾದರಿನ ಒಂದು ಚಾಳಿನ ಒಂದೇ ಖೋಲಿಯಲ್ಲಿ ನಾನು, ನನ್ನ ಹೆಂಡತಿ, ಅಣ್ಣ. ಅಣ್ಣನ ಹೆಂಡತಿ, ನಮ್ಮ ವೈನಿ, ಹೆರಿಗೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಅಣ್ಣ ಇಲ್ಲಿಂದ ಗಾಡಿ ಹತ್ತಿ ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದಿದ್ದರು. ಆಮೇಲೆ ಅವನು ಆ ಮಾತನ್ನೇ ಎತ್ತಲಿಲ್ಲ. ಒಂದು ಪ್ಲೇಟು ಕೊಂಡ, ಅಷ್ಟೇ.

ಅದು ನಾಟಕದ ತುಂಗಾಬಾಯಿಯವರ ಪ್ಲೇಟು. ಬಾಯಿಯವರ ರಂಗಗೀತೆಗಳು ಒಂದು ಕಾಲಕ್ಕೆ ಮನೆಮನೆಗೂ ಗೊತ್ತಿದ್ದವು. ಆದರೆ ವಯಸ್ಸಾಗಿ, ಹಲ್ಲುಗಳು ಹೋಗಿ, ಕಂಪನಿಯೂ ಮುಚ್ಚಿದ ಮೇಲೆ ಅವರು ಕೊನೆಯದಾಗಿ ಒಂದು ಕತೆಯ ಹಾಡನ್ನು ಹಾಡಿ ಪ್ಲೇಟು ಮಾಡಿಸಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರೂ ಬಾಯಿಯವರ ಮಾನ ಉಳಿಯಲೆಂದು ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ಅಣ್ಣನಿಗೆ ಮಾತ್ರ ಅವರು ಹಾಡಿದ್ದರಲ್ಲೆಲ್ಲ ಇದೇ ಶ್ರೇಷ್ಠ. "ಹಲ್ಲಿಲ್ಲದ ಬಾಯಿಂದ ಗಾಳಿ ಸೋರತೈತಿ, ಖರೆ. ಆ ಗಾಳೀನ ಹೊಳಿ ದಂಡೀ ಗಾಳಿ! ಹಲ್ಲಿದ್ದಾಕಿ ಅದನ್ನ ಎಲ್ಲಿಂದ ತರಬೇಕು?" ಎನ್ನುತ್ತಿದ್ದ.

ಪ್ಲೇಟು ಅಣ್ಣನದು, ಸೂಜಿಗಳೂ ಅವನವೇ, ಆದರೆ ಅವನಲ್ಲಿ ಗ್ರಾಮಫೋನ್ ಇರಲಿಲ್ಲ. ಗ್ರಾಮಫೋನ್ ಇದ್ದದ್ದು ದಾದರ್ ಸ್ಟೇಷನ್ನಿನ ಬಳಿ ಹೋಟೆಲು ನಡೆಸುವ ಶ್ರೀಪತಿ ರಾಯರಲ್ಲಿ. ಅವರು ಉಡುಪಿಯ ಕಡೆಯವರು, ತುಂಗಾಬಾಯಿಯವರ ಪರಮ ಭಕ್ತರು. ಅವರಲ್ಲಿ ಈ ಪ್ಲೇಟು ಇರಲಿಲ್ಲ, ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಹೀಗಾಗಿ ಒಬ್ಬರನ್ನು ಬಿಟ್ಟು ಒಬ್ಬರು ಹಾಡು ಕೇಳುವಂತಿರಲಿಲ್ಲ. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ನಡುವೆ ಹೋಟೆಲಿನ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಆ ಹೊತ್ತಿಗೆ ಹಿಂದಿನ ಮೇಜಿನ ಸುತ್ತ ಆರೇಳು ಜನ ಕನ್ನಡಿಗರು ಸೇರುತ್ತಿದ್ದರು. ಗ್ರಾಮಫೋನಿಗೆ ಚಾವಿ ಕೊಡುವ ಕೆಲಸ ನನ್ನದು. ಚಾವಿ ಕೊಡುವವನು ಯಾವ ಪಕ್ಷವನ್ನೂ ಹಿಡಿಯಬಾರದು ಎಂದು ಒಂದು ನಿಯಮವನ್ನೂ ಮಾಡಿದ್ದರು. ನನಗೇನು, ಪುಕ್ಕಟೆ ಚಹಾ ಸಿಗುತ್ತಿತ್ತು.

ಪಕ್ಷ ಯಾಕೆ ಬಂತು ಎನ್ನುತ್ತೀರಿ. ಪ್ಲೇಟಿಗೆ ಎರಡು ಮಗ್ಗುಲು. ಒಂದರಲ್ಲಿ ಗಂಡ ಒದ್ದೆ ಧೋತರದಲ್ಲಿ ಊಟಕ್ಕೆ ಕೂತಿದ್ದಾನೆ, ಹೆಂಡತಿ ಬಡಿಸುತ್ತಿದ್ದಾಳೆ. ಇನ್ನಷ್ಟು ನೀಡಲೇ ಎಂದು ಅವಳು ಕೇಳುವಲ್ಲಿಗೆ ಹಾಡು ನಿಲ್ಲುತ್ತದೆ. ಇನ್ನೊಂದರಲ್ಲಿ ಹೊಳೆಗೆ ನೀರು ಬಂದು, ಗಂಡ ಸಂತೆಗೆ ಹೊರಟ ನಾವೆ ಮಗುಚಿದೆ, ಊರೇ ದಂಡೆಯಲ್ಲಿ ನಿಂತಿದೆ, ಹೆಂಡತಿ ಕೂಗುತ್ತಿದ್ದಾಳೆ. ಆ ಕೂಗಿನಲ್ಲಿ ಅದೂ ನಿಲ್ಲುತ್ತದೆ. ಯಾವುದು ಮೊದಲು, ಯಾವುದು ಆಮೇಲೆ? ಪ್ಲೇಟಿನ ಮೇಲಿನ ಚೀಟಿ ನೋಡಿದರೆ ಗೊತ್ತಾಗಬೇಕಷ್ಟೆ. ಎರಡೂ ಮಗ್ಗುಲಿನ ಚೀಟಿಯಲ್ಲಿ 'ಭಾಗ ಒಂದು' ಎಂದೇ ಅಚ್ಚಾಗಿತ್ತು.

ಹೀಗೆ ಊಟದವರು, ಹೊಳೆಯವರು ಎಂದು ಎರಡು ಪಕ್ಷಗಳು ಹುಟ್ಟಿದವು. ಊಟದವರಿಗೆ ರಾಯರು ಮುಖಂಡರು: ಗಂಡ ಮೊದಲು ಉಣ್ಣುತ್ತಾನೆ, ಆಮೇಲೆ ಹೋಗಿ ಮುಳುಗುತ್ತಾನೆ. ಹೊಳೆಯವರಿಗೆ ಅಣ್ಣ ಮುಖಂಡ: ಗಂಡ ಮೊದಲು ಮುಳುಗುತ್ತಾನೆ, ಆಮೇಲೆ ಹೇಗೋ ಬದುಕಿ ಮನೆಗೆ ಬಂದು ಉಣ್ಣುತ್ತಾನೆ.

"ಹಸಿದ ಹೊಟ್ಟೆಯಲ್ಲಿ ಒಬ್ಬನನ್ನ ಹೊಳೆ ದಾಟ್ಲಿಕ್ಕೆ ಕಳಿಸ್ತಾರಾ ಮಾರಾಯ್ರೆ?" ಎಂದು ರಾಯರು ಶುರು ಮಾಡುತ್ತಿದ್ದರು. "ನಿಮ್ಮ ಕಡೆ ಕಳಿಸ್ತಾರೋ ಏನೋ, ನಮ್ಮಲ್ಲಿ ಇಲ್ಲ."

"ನಿಮಗ ಹಾಡಿನ್ಯಾಗೂ ಗಿರಾಕೀನ ಕಾಣತಾನ ನೋಡ್ರಿ," ಎಂದು ಅಣ್ಣ. "ಬಂದ, ಉಂಡ, ಹೋದ! ಹಾಡಂದ್ರ ಖಾನಾವಳಿ ಅಲ್ರಿ ರಾಯರ."

"ಖಾನಾವಳಿಯನ್ನ ಹಗುರ ಮಾಡ್ಬೇಡಿ. ಚೆನ್ನಾಗಿ ಉಂಡು ಹೋದವನು ಮತ್ತೆ ಬರ್ತಾನೆ. ಇದು ನನ್ನ ಹೋಟೆಲಿನ ಅನುಭವ."

"ಆತು. ಹಂಗಾರ ಒದ್ದೀ ಧೋತರ ಎಲ್ಲಿಂದ ಬಂತು, ಹೇಳ್ರಿ. ಹೊಳಿಯಿಂದ ಎದ್ದು ಬಂದಾನ, ಅದಕ್ಕ ಒದ್ದಿ ಐತಿ."

ಒದ್ದೆ ಧೋತರ ಅಣ್ಣನ ಬ್ರಹ್ಮಾಸ್ತ್ರ. ಅದಕ್ಕೆ ರಾಯರು ಕೊಟ್ಟ ಉತ್ತರವನ್ನು ಈ ಮುಂಬಯಿಯಲ್ಲಿ ಉಡುಪಿಯ ಹೋಟೆಲಿನವರಲ್ಲದೆ ಬೇರೆ ಯಾರೂ ಕೊಡಲಾರರು. "ಒದ್ದೆ ಇರದೆ ಮತ್ತೆ? ಸ್ನಾನ ಮಾಡಿ, ಧೋತರ ಹಿಂಡಿ ಉಟ್ಟು, ಮಡಿಯಲ್ಲಿ ಊಟಕ್ಕೆ ಕೂತಿದ್ದಾನೆ!"

"ನಾವಿ ಹತ್ತಿ ಸಂತೀಗೆ ಹೋಗೋ ಮನಷ್ಯಾ ಮಡೀಲೆ ಉಣ್ಣತಾನೇನ್ರಿ?"

"ಯಾಕೆ, ಸಂತೆಗೆ ಹೋಗುವವನಿಗೆ ಆಚಾರ ಇರ್ಬಾರದಾ?"

ಆ ಒಂದು ಧೋತರದ ಮೇಲೆ ಎಷ್ಟು ಭಾನುವಾರಗಳು ಹೋದವೋ. ಧೋತರದಿಂದ ನೀರು ತೊಟ್ಟಿಕ್ಕುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಎಲ್ಲರೂ ಗ್ರಾಮಫೋನಿನ ಕಹಳೆಯೊಳಗೆ ಸರದಿಯಂತೆ ಕಿವಿಯಿಟ್ಟು ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಹೊಳೆಯವರಲ್ಲೊಬ್ಬ ಸಿಟ್ಟಿನಿಂದ ಇನ್ನು ಈ ಹೋಟೆಲಿನ ಅನ್ನ ಮುಟ್ಟುವುದಿಲ್ಲ ಎಂದು ಎದ್ದು ಹೋದ. ಮರುದಿನ ಬಂದು ಇಡ್ಲಿ ತಿಂದ. ಇಡ್ಲಿ ಅನ್ನವಲ್ಲ ಎಂದು ವಾದಿಸಿದ. ರಾಯರು ಅದನ್ನು ಒಪ್ಪಿದರು, ವ್ಯಾಪಾರಸ್ಥರು ನೋಡಿ.

ಕೊನೆಗೊಂದು ದಿನ ಸುದ್ದಿ ಬಂತು. ಆ ಹಾಡಿಗೆ ಹಾರ್ಮೋನಿಯಂ ಪೇಟಿ ನುಡಿಸಿದ ಮಾಸ್ತರರು ಇನ್ನೂ ಬದುಕಿದ್ದಾರೆ, ಜೋಗೇಶ್ವರಿಯಲ್ಲಿ ಮಗನ ಮನೆಯಲ್ಲಿದ್ದಾರೆ! ತೀರ್ಪು ಸಿಕ್ಕಿಯೇ ಬಿಟ್ಟಿತು ಎಂದು ಅಣ್ಣ, ರಾಯರು, ಸಾಕ್ಷಿಯಾಗಿ ಪಕ್ಷವಿಲ್ಲದ ನಾನು ಲೋಕಲ್ ಹತ್ತಿ ಹೊರಟೆವು. ರಾಯರು ಒಂದು ಪೊಟ್ಟಣ ಮೈಸೂರು ಪಾಕು ತಂದಿದ್ದರು. ನ್ಯಾಯಾಧೀಶನಿಗೆ ಲಂಚ ಎಂದು ಅಣ್ಣ ಆಕ್ಷೇಪ ಎತ್ತಿದ. ಪೊಟ್ಟಣವನ್ನು ನನ್ನ ಕೈಯಲ್ಲಿ ಕೊಟ್ಟು, ಎರಡೂ ಪಕ್ಷದ ಪರವಾಗಿ ನಾನೇ ಕೊಡಬೇಕೆಂದು ಠರಾವಾಯಿತು.

ಚಿಕ್ಕ ಕಾರಖಾನೆಗಳ ನಡುವಿನ ಒಂದು ಮನೆ. ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುವ ಸದ್ದು. ಮಾಸ್ತರರು ಮಂಚದ ಮೇಲೆ ಕೂತು ಮೈಸೂರು ಪಾಕು ತಿನ್ನುತ್ತ ಇಬ್ಬರ ವಾದವನ್ನೂ ಪೂರ್ತಿ ಕೇಳಿದರು. ಕೈ ಒರೆಸಿಕೊಂಡರು.

"ಅವು ಎರಡೂ ಬ್ಯಾರೆ ಬ್ಯಾರೆ ಹಾಡು," ಎಂದರು.

ಅಣ್ಣನೂ ರಾಯರೂ ಒಬ್ಬರ ಮುಖ ಒಬ್ಬರು ನೋಡಿದರು.

"ಉಣ್ಣಾಂವ ಬ್ಯಾರೆ, ಮುಳುಗಾಂವ ಬ್ಯಾರೆ. ಎರಡಕ್ಕೂ ಮುಂದಿನ ಭಾಗ ಇತ್ತು. ಅಷ್ಟರಾಗ ಬಾಯಿಯವರಿಗೆ ಆಗಲಿಲ್ಲ, ಹಾಡಲಿಲ್ಲ. ಅದಕ್ಕ ಎರಡೂ ಕಡೆ ಒಂದನೇ ಭಾಗ ಅಂತ ಬರದಾರ. ಬರದದ್ದನ್ನ ಓದಾಕ ಬರಂಗಿಲ್ಲೇನು ನಿಮಗ?"

ನಾನು ಇದು ಸರಿಯಾಗಿದೆ ಎಂದುಕೊಂಡೆ. ಎಲ್ಲದಕ್ಕೂ ಉತ್ತರ ಸಿಕ್ಕಿತ್ತು. ಆದರೆ ರಾಯರ ಮುಖ ಕೆಂಪಾಗಿತ್ತು. ಅಣ್ಣ ಎದ್ದು ನಿಂತುಬಿಟ್ಟಿದ್ದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರಿಬ್ಬರೂ ಒಂದಾದರು. "ಪಾಪ, ವಯಸ್ಸಾಗಿದೆ ಅವರಿಗೆ," ಎಂದರು ರಾಯರು. "ನೆನಪು ಹೋಗೇತಿ," ಎಂದ ಅಣ್ಣ. ಒಳಗಿನಿಂದ ಚಹಾ ಬರುತ್ತಿದ್ದರೂ ನಿಲ್ಲದೆ ಹೊರಟರು. ಮೂರೂ ಜನರ ಚಹಾವನ್ನು ನಾನು ಒಬ್ಬನೇ ಕುಡಿದು ಹಿಂದಿನಿಂದ ಓಡಿದೆ. ಬಂದವರೆಲ್ಲ ಹಾಗೇ ಎದ್ದರೆ ಆ ಮನೆಯ ಸೊಸೆ ಏನೆಂದುಕೊಂಡಾಳು?

ತಿರುಗಿ ಬರುವಾಗ ಗಾಡಿಯಲ್ಲಿ ಇಬ್ಬರೂ ಒಂದೇ ಬಾಕಿನ ಮೇಲೆ ಕೂತರು. ರಾಯರೇ ಮೆಲ್ಲಗೆ ಎಂದರು: "ಅಲ್ಲ ಬಸವರಾಜರೇ, ಒಂದು ವೇಳೆ ಅವರು ಹೇಳಿದ್ದೇ ಹೌದಾದ್ರೆ? ಮುಳುಗಿದವನೇ ಬೇರೆ, ಉಂಡವನೇ ಬೇರೆ ಅಂತ ಆದ್ರೆ?"

ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ. "ಹಂಗ ಅನಬ್ಯಾಡ್ರಿ ರಾಯರ," ಎಂದ. "ಹೋದವರು ಒಬ್ಬರು, ಬಂದು ಉಣ್ಣಾವರು ಇನ್ನೊಬ್ಬರು ಅಂದ್ರ ನನಗ ಆ ಪ್ಲೇಟು ಯಾಕ ಬೇಕ್ರಿ? ಹೋದವರ ಬರಬೇಕು. ಒಮ್ಮೆರ, ಹಾಡಿನ್ಯಾಗರ."

ವೈನಿಯ ವಿಷಯ ರಾಯರಿಗೆ ಗೊತ್ತಿರಲಿಲ್ಲ. ಆದರೆ ದಿನಾ ನೂರಾರು ಮುಖಗಳನ್ನು ನೋಡುವ ಮನುಷ್ಯ, ಅವನ ಮುಖ ನೋಡಿ ಏನೋ ತಿಳಿದುಕೊಂಡಿರಬೇಕು. ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಗಾಡಿ ಬಾಂದ್ರಾ ಬಿಟ್ಟೊಡನೆ ತೊಡೆ ತಟ್ಟಿ ದೊಡ್ಡ ಗಂಟಲಿನಲ್ಲಿ, "ಸರಿ ಮಾರಾಯ್ರೆ, ಒಂದೇ ಹಾಡು, ಒಪ್ಪಿದೆ. ಆದ್ರೆ ಊಟ ಮೊದಲು!" ಎಂದರು.

ಅಣ್ಣ ಕಿಟಕಿ ಬಿಟ್ಟು ಈ ಕಡೆ ತಿರುಗಿದ. "ಧೋತರ ಯಾಕ ಒದ್ದಿ ಐತಿ, ಅದನ್ನ ಹೇಳ್ರಿ ಮೊದಲ!"

ದಾದರಿನಲ್ಲಿ ಇಳಿಯುವಾಗಲೂ ಮಡಿಯ ಮಾತೇ ನಡೆದಿತ್ತು. ಬೇಕೆಂದಾಗ ಸೋತುಬಿಡಬಹುದಾಗಿತ್ತು ರಾಯರಿಗೆ. ಸೋಲಲಿಲ್ಲ. ಸೋತಿದ್ದರೆ ಅಣ್ಣ ಮರುವಾರ ಆ ಕಡೆ ಹೋಗುತ್ತಿರಲಿಲ್ಲ.

ಇದೆಲ್ಲ ನೆನೆಯುತ್ತ ಇವತ್ತು ಮಧ್ಯಾಹ್ನ ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಅರ್ಧ ಬಾಗಿಲು, ಹಿಂದಿನ ಮೇಜು, ಅವೇ ಜನ. ಅಣ್ಣನ ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ, ಯಾರೂ ಅದರಲ್ಲಿ ಕೂತಿರಲೂ ಇಲ್ಲ. ತುಕ್ಕಿನ ಸೂಜಿ ನೋಡಿ ರಾಯರು ತಮ್ಮದೊಂದು ಹಾಕಿದರು. ಪ್ಲೇಟನ್ನು ಎರಡೂ ಕಡೆ ತಿರುಗಿಸಿ ನೋಡಿ ತಾವೇ ಇಟ್ಟರು. ನಾನು ಚಾವಿ ಕೊಟ್ಟೆ.

ಹೊಳೆ ಬಂತು. ನಾವೆ ಮಗುಚಿತು.

ಊಟದವರೆಲ್ಲ ರಾಯರ ಮುಖ ನೋಡಿದರು. "ರಾಯರ, ಇದು ಹೊಳಿ ಮಗ್ಗಲಾತು," ಎಂದೆ.

"ಗೊತ್ತುಂಟು. ಬಸವರಾಜರು ಹೇಳಿದ್ದೇ ಸರಿ. ಹೊಳೆಯೇ ಮೊದಲು," ಎಂದರು ರಾಯರು, ಹೆಗಲ ಮೇಲಿನ ಬೈರಾಸದಿಂದ ಮೇಜು ಒರೆಸುತ್ತ. ಮೇಜು ಶುಭ್ರವಾಗಿಯೇ ಇತ್ತು. "ಇನ್ನು ಎಂತ ವಾದ?"

ಗೆದ್ದದ್ದು ನಮ್ಮಣ್ಣ. ನನಗೆ ಸಂತೋಷವಾಗಬೇಕಾಗಿತ್ತು. ಆದರೆ ಹಾಡು ನಿಂತಾಗ ಮೇಜಿನ ಸುತ್ತ ಹರಡಿದ ಆ ಮೌನ ಇತ್ತಲ್ಲ, ಅದನ್ನು ನಾನು ನಮ್ಮ ಖೋಲಿಯಲ್ಲಿ ಸಾಕಷ್ಟು ಕೇಳಿದ್ದೆ. ಇಲ್ಲಿಯೂ ಅದೇ ಬಂದು ಕೂತರೆ ಎಲ್ಲಿ ಹೋಗಲಿ? ಚಾವಿಯ ಹಿಡಿಯನ್ನು ಬಿಟ್ಟು ಎದ್ದು ನಿಂತೆ.

"ನಾ ಒಪ್ಪೂದಿಲ್ಲ," ಎಂದೆ. "ಊಟ ಮೊದಲು."

"ನೀವು ಚಾವಿಯವರು, ನಿಮಗೆ ಪಕ್ಷ ಇಲ್ಲ," ಎಂದು ಯಾರೋ ನಗಾಡಿದರು.

"ಇವತ್ತಿನಿಂದ ಐತಿ," ಎಂದೆ. ಆಮೇಲೆ ತೋಚಿದ್ದನ್ನೇ ಹೇಳಿದೆ. "ಆ ದಿನ ಮುಂಜಾನೆ ಅಣ್ಣ ಜಳಕಾ ಮಾಡಿ ಉಣ್ಣಾಕ ಕುಂತಿದ್ದ. 'ಇನ್ನೊಂದು ರೊಟ್ಟಿ ಹಾಕವಾ' ಅಂತ ನನ್ನ ಹೇಣ್ತಿಗೆ ಕೇಳಿ ಹಾಕಿಸಿಕೊಂಡ. ಹಿಂಡಿ ಪಲ್ಲೆ ಚಲೋ ಆಗೇತಿ ಅಂದ. ಕೈ ತೊಳಕೊಂಡು, ಛತ್ರಿ ತಗೊಂಡು, ಸ್ಟೇಷನ್ನಿಗೆ ಹೋದ. ಆಮ್ಯಾಲ ಅಲ್ಲಿ ಹಳಿ ದಾಟೋ ಪೂಲಿನ ಮೆಟ್ಟಲದ ಮ್ಯಾಲ ಕುಂತಾಂವ ಏಳಲಿಲ್ಲ. ಆದರ ಉಂಡು ಹೋದ, ರಾಯರ. ಹಸಿದು ಹೋಗಲಿಲ್ಲ."

ಇಷ್ಟು ದಿನ ಮೆಟ್ಟಿಲ ಮೇಲೆ ಕೂತ ಅಣ್ಣನೇ ಕಣ್ಣ ಮುಂದೆ ಬರುತ್ತಿದ್ದ. ಅದಕ್ಕೂ ಮೊದಲು ಅವನು ರೊಟ್ಟಿ ಕೇಳಿದ್ದ ಎಂಬುದು ನನ್ನ ಬಾಯಿಂದ ನಾನೇ ಕೇಳಿದ ಮೇಲೆ ನೆನಪಾಯಿತು.

ರಾಯರ ಕೈಯಲ್ಲಿದ್ದ ಬೈರಾಸ ನಿಂತಿತು. "ಅದು ನನ್ನ ವಾದ ಅಲ್ವಾ ಮಾರಾಯ್ರೆ," ಎಂದರು.

"ನೀವು ಬಿಟ್ರಿ, ನಾ ಹಿಡಕೊಂಡೆ. ಚಲೋ ಉಂಡು ಹೋದಾಂವ ಮತ್ತ ಬರತಾನ ಅಂತ ನೀವ ಹೇಳಿದ್ದಿರಿ."

ರಾಯರು ಅಣ್ಣನ ಕುರ್ಚಿಯನ್ನು ಎಳೆದು ಅದರಲ್ಲಿ ಕೂತರು. ಒಂದು ಗಳಿಗೆ ಮುಖ ಒರೆಸಿಕೊಂಡರು. ಹೊರಗೆ ತಿಂಡಿಯ ಗಿರಾಕಿಗಳು ಅರ್ಧ ಬಾಗಿಲನ್ನು ಬಡಿಯತೊಡಗಿದ್ದರು. "ಠಹರೋ!" ಎಂದು ಅವರ ಕಡೆ ಕೂಗಿ, ನನ್ನ ಕಡೆ ಬೆರಳು ತೋರಿಸಿ, ತಮ್ಮ ಉಡುಪಿಯ ನಾಲಿಗೆಯಿಂದ ನಮ್ಮ ವಿಜಾಪುರದ ಮಾತನ್ನು ಹೊರಡಿಸಲು ಹೆಣಗಿದರು:

"ಹಂಗಾರ ಧೋತರ ಯಾಕ ಒದ್ದಿ ಐತಿ, ಹೇಳ್ರಿ ಮೊದಲ!"

ನಾನು ಪ್ಲೇಟನ್ನು ಮಗುಚಿ ಊಟದ ಮಗ್ಗುಲನ್ನು ಮೇಲೆ ಮಾಡಿದೆ. ಚಾವಿ ಕೊಡುತ್ತ ಹೇಳಿದೆ:

"ಮಡಿ, ಮಾರಾಯ್ರೆ. ಮಡಿ."